ಮುಚ್ಚಳಿಕೆಗೆ ಸಹಿ ಹಾಕುವ ಮುನ್ನ: ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಸಭಾಪಾಲಕರಿಗೆ ಬಹಿರಂಗ ಪತ್ರ

ಎರಡೂ ಜಿಲ್ಲೆಗಳ ಪಾಸ್ಟರ್‌ಗಳಿಗೆ, ಫಾದರ್‌ಗಳಿಗೆ, ಸಭಾ ಹಿರಿಯರಿಗೆ,

ಕರ್ತನಲ್ಲಿ ವಂದನೆಗಳು.

ಪ್ರಾರ್ಥನೆ ನಡೆಯುತ್ತಿರುವ ಮನೆಗೆ ಗುಂಪೊಂದು ನುಗ್ಗುತ್ತದೆ. ಬೆನ್ನಿಗೇ ಪೊಲೀಸ್ ಜೀಪು ಬರುತ್ತದೆ. ನುಗ್ಗಿದವರು ತಮ್ಮ ಪಾಡಿಗೆ ಮನೆಗೆ ಹೋಗುತ್ತಾರೆ, ಪ್ರಾರ್ಥನೆಯಲ್ಲಿದ್ದವರು ಠಾಣೆಗೆ ಹೋಗುತ್ತಾರೆ. ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ ಕೊನೆಗೆ ಮುಚ್ಚಳಿಕೆ ಬರೆಯಲು ಒಂದು ಬಿಳಿ ಹಾಳೆ ಮುಂದಿಡುತ್ತಾರೆ. "ಇನ್ನು ಮುಂದೆ ನನ್ನ ಮನೆಯಲ್ಲಿ ಯಾವುದೇ ಪ್ರಾರ್ಥನಾ ಕೂಟ ನಡೆಸುವುದಿಲ್ಲ, ನಡೆಸಿದಲ್ಲಿ ತಾವು ಕೈಗೊಳ್ಳುವ ಕಾನೂನು ಕ್ರಮಕ್ಕೆ ಬದ್ಧನಾಗಿರುತ್ತೇನೆ" ಎಂದು ರೈಟರ್ ಹೇಳಿದ ಹಾಗೆ ಬರೆದು ಪಾಸ್ಟರ್ ಸಹಿ ಹಾಕುತ್ತಾರೆ, ಊರಿನ ಇಬ್ಬರು ಸಾಕ್ಷಿ ಹಾಕುತ್ತಾರೆ. ಮುಂದಿನ ಭಾನುವಾರ ಅದೇ ಜನ ಬೇರೆ ಮನೆಯಲ್ಲಿ ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ ಹಾಡುತ್ತಾರೆ. ಯಾಕೆ ಸಹಿ ಹಾಕಿದಿರಿ ಎಂದು ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ, ಮೇಲಿನ ಅಧಿಕಾರಿಗಳಿಗೆ ಅಧೀನರಾಗಿರಬೇಕು.

ಇದು ಅಧೀನತೆ ಅಲ್ಲ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇವೆ. ವಿಧೇಯರಾಗುವುದೇ ನಿಮ್ಮ ಮನಸ್ಸಿದ್ದರೆ ಪ್ರಾರ್ಥನೆ ನಿಲ್ಲಿಸಬೇಕಿತ್ತು. ವಿರೋಧಿಸುವ ಮನಸ್ಸಿದ್ದರೆ ಸಹಿ ಹಾಕಬಾರದಿತ್ತು. ಸಹಿಯನ್ನೂ ಹಾಕಿ ಪ್ರಾರ್ಥನೆಯನ್ನೂ ನಡೆಸಿದರೆ ಅಧಿಕಾರಿಗೆ ಸುಳ್ಳು ಮಾತು ಕೊಟ್ಟಂತಾಯಿತು, ನಾಳೆ ಹಿಡಿಯಲು ಅವರ ಕೈಗೆ ಒಂದು ಜುಟ್ಟನ್ನೂ ಕೊಟ್ಟಂತಾಯಿತು.

ಪೌಲ ಆ ಪತ್ರ ಬರೆದದ್ದು ಕ್ರಿ.ಶ. 57ರ ಸುಮಾರಿಗೆ. ನೀರೋ ಪಟ್ಟಕ್ಕೆ ಬಂದು ಆಗಲೇ ಮೂರು ವರ್ಷವಾಗಿತ್ತು. ಆಳುವವನು ಒಳ್ಳೆಯದಕ್ಕಾಗಿ ನೇಮಕವಾದ ದೇವರ ಸೇವಕ, ಅವನ ಕೈಯಲ್ಲಿರುವ ಕತ್ತಿ ಕೆಟ್ಟದ್ದು ಮಾಡುವವನನ್ನು ದಂಡಿಸಲು ಎಂದು ಪೌಲ ಬರೆಯುತ್ತಾನೆ. ಅಧಿಕಾರಕ್ಕೆ ಅವನು ಕೊಟ್ಟದ್ದು ಒಂದು ಕೆಲಸ, ಖಾಲಿ ಚೆಕ್ಕಲ್ಲ. ಏಳನೇ ವಚನದಲ್ಲಿ ತೆರಿಗೆ ಸಲ್ಲಬೇಕಾದವರಿಗೆ ತೆರಿಗೆ, ಮರ್ಯಾದೆ ಸಲ್ಲಬೇಕಾದವರಿಗೆ ಮರ್ಯಾದೆ ಎಂದು ಒಬ್ಬೊಬ್ಬರ ಪಾಲನ್ನು ಬೇರೆ ಬೇರೆ ಮಾಡಿಡುತ್ತಾನೆ. ನಮ್ಮ ದೇಶದಲ್ಲಿ "ಮೇಲಿನ ಅಧಿಕಾರಿ" ಯಾರು? ಪಿಎಸ್‌ಐ ಮೇಲೆ ಡಿವೈಎಸ್‌ಪಿ, ಅವರ ಮೇಲೆ ಎಸ್‌ಪಿ, ಅವರೆಲ್ಲರ ಮೇಲೆ ಕಾನೂನು, ಕಾನೂನಿನ ಮೇಲೆ ಸಂವಿಧಾನ. ಮುಖ್ಯಮಂತ್ರಿ ಪ್ರಮಾಣ ಮಾಡುವುದೂ ಅದರ ಮೇಲೆಯೇ. "ಇಲ್ಲಿ ಪ್ರಾರ್ಥನೆ ಮಾಡಬಾರದು" ಎಂದು ಪಿಎಸ್‌ಐ ಬಾಯಲ್ಲಿ ಹೇಳಿದಾಗ "ಲಿಖಿತ ಆದೇಶ ಕೊಡಿ ಸಾರ್" ಎಂದು ಕೇಳುವುದು ದಂಗೆಯಲ್ಲ, ಅವರಿಗಿಂತ ಮೇಲಿರುವ ಅಧಿಕಾರಕ್ಕೆ ಅಧೀನರಾಗುವ ರೀತಿ.

ಪೌಲನೂ ಇದನ್ನೇ ಮಾಡಿದ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಅವನನ್ನೂ ಸೀಲನನ್ನೂ ಹೊಡೆದು ಸೆರೆಗೆ ಹಾಕಿದರು. ಬೆಳಗಾದ ಮೇಲೆ ಸದ್ದಿಲ್ಲದೆ ಹೊರಟುಹೋಗಿ ಎಂದು ಹೇಳಿಕಳಿಸಿದರು. ಹೊಡೆದದ್ದು ಎಲ್ಲರೆದುರು, ಕಳಿಸುವುದು ಗುಟ್ಟಾಗಿಯೋ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದ ಪೌಲ. ಅಧಿಕಾರಿಗಳು ಬಂದು ಕೇಳಿಕೊಂಡರು. ಲುದ್ಯಳ ಮನೆಯ ಹೊಸ ಸಭೆ ಅದೇ ಊರಲ್ಲಿ ಬಾಳಬೇಕಿತ್ತು ಎಂಬುದನ್ನು ಮರೆಯಬಾರದು. ಯೆರೂಸಲೇಮಿನಲ್ಲಿ ಕೊರಡೆಗೆ ಕಟ್ಟಿದಾಗ, ತೀರ್ಪಾಗದ ರೋಮಾಪುರದ ಹಕ್ಕುದಾರನನ್ನು ಹೊಡೆಯುವುದು ನ್ಯಾಯವೇ ಎಂದು ಶತಾಧಿಪತಿಯನ್ನು ಕೇಳಿದ. ಕೈಸರೈಯದಲ್ಲಿ ಕೈಸರನಿಗೆ ಅಪೀಲು ಮಾಡಿದ. ಅಪೊಸ್ತಲರ ಕೃತ್ಯಗಳು 16, 22, 25: ಏಟು ಬಿದ್ದ ಮೇಲೆ, ಏಟು ಬೀಳುವ ಮುಂಚೆ, ಮೊಕದ್ದಮೆಯ ನಡುವೆ. ರೋಮಾಪುರದವರಿಗೆ 13 ಬರೆದ ಕೈ ಇದೇ.

ಹಾಗಂತ ಸರ್ಕಾರ ಹೇಳಿದ್ದಕ್ಕೆಲ್ಲ ಎದುರಾಡಬೇಕಾಗಿಯೂ ಇಲ್ಲ. ಎಲ್ಲರಿಗೂ ಒಂದೇ ಸಮನಾಗಿ ಅನ್ವಯವಾಗುವ ನಿಯಮ ಕಿರಿಕಿರಿಯಾದರೂ ಪಾಲಿಸಬೇಕು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಮೂವತ್ತು ಜನ ಕೂರುವ ಶೀಟಿನ ಮನೆಗೆ ಆಳೆತ್ತರದ ಎರಡು ಸ್ಪೀಕರ್ ಯಾಕೆ ಎಂದು ಪಕ್ಕದ ಮನೆಯವರು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಭೂಪರಿವರ್ತನೆ ಆಗದ ಹೊಲದಲ್ಲಿ ಪ್ರಾರ್ಥನಾಲಯ ಕಟ್ಟುವುದು, ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಿಲ್ಲದೆ ವಿದೇಶದ ದುಡ್ಡು ತರಿಸುವುದು, ಇವಕ್ಕೆ ಬರುವ ನೋಟಿಸನ್ನು ಹಿಂಸೆ ಎಂದು ಕರೆಯಬೇಡಿ. 2020ರ ಲಾಕ್‌ಡೌನಿನಲ್ಲಿ ಗುಡಿ, ಮಸೀದಿ, ಚರ್ಚು ಮೂರಕ್ಕೂ ಬೀಗ ಬಿತ್ತು, ನಾವೂ ಹಾಕಿದೆವು, ಅದು ಸರಿ. ಬೀಗ ಚರ್ಚಿಗೆ ಮಾತ್ರ ಬಿದ್ದರೆ ಮಾತು ಬೇರೆ.

ಇನ್ನೊಂದು ತುದಿಯಲ್ಲಿ ಪಾಪವನ್ನೇ ಆಜ್ಞಾಪಿಸುವ ಅಧಿಕಾರವಿದೆ. ಅಲ್ಲಿ ಅರ್ಜಿ, ಅಪೀಲು ಎಂದು ಕಾಯುವ ಪ್ರಶ್ನೆಯಿಲ್ಲ, ಆ ಕ್ಷಣವೇ ಆಗುವುದಿಲ್ಲ ಎನ್ನಬೇಕು. ಗಂಡು ಕೂಸುಗಳನ್ನು ಕೊಲ್ಲಿರಿ ಎಂದ ಫರೋಹನ ಮಾತನ್ನು ಸೂಲಗಿತ್ತಿಯರು ಕೇಳಲಿಲ್ಲ. ಆಜ್ಞೆಗೆ ಸಹಿ ಬಿದ್ದಿದೆ ಎಂದು ಗೊತ್ತಾದ ಮೇಲೂ ದಾನಿಯೇಲ ಹಿಂದೆ ಮಾಡುತ್ತಿದ್ದಂತೆಯೇ ದಿನಕ್ಕೆ ಮೂರು ಸಲ, ಕಿಟಕಿ ತೆರೆದೇ ಪ್ರಾರ್ಥಿಸಿದ. ಇದೆಲ್ಲ ನಿಮ್ಮ ಪ್ರಸಂಗಗಳಲ್ಲಿ ಬರುತ್ತದೆ. ಬಾರದಿರುವುದು ಇಜ್ರೇಲಿನ ಹಿರಿಯರ ವಿಷಯ.

ಒಂದನೇ ಅರಸುಗಳು 21 ತೆರೆಯಿರಿ. ನಾಬೋತನ ದ್ರಾಕ್ಷೇತೋಟದ ಮೇಲೆ ಅರಸ ಅಹಾಬನಿಗೆ ಕಣ್ಣು. ಅವನ ಹೆಂಡತಿ ಈಜೆಬೆಲಳು ಅರಸನ ಮುದ್ರೆ ಒತ್ತಿ ಊರ ಹಿರಿಯರಿಗೆ ಪತ್ರ ಬರೆಯುತ್ತಾಳೆ: ಇಬ್ಬರು ಸುಳ್ಳು ಸಾಕ್ಷಿಗಳನ್ನು ನಿಲ್ಲಿಸಿ, ದೇವರನ್ನೂ ಅರಸನನ್ನೂ ದೂಷಿಸಿದ ಎಂದು ಹೇಳಿಸಿ, ಕಲ್ಲೆಸೆದು ಕೊಲ್ಲಿರಿ. ಹಿರಿಯರು ಅಕ್ಷರಕ್ಕಕ್ಷರ ಹಾಗೆಯೇ ಮಾಡಿದರು. ಮುದ್ರೆ ಸರಿಯಿತ್ತು, ಸಾಕ್ಷಿ ಇಬ್ಬರಿದ್ದರು, ಉಪವಾಸದ ಸಭೆಯೂ ಸೇರಿತ್ತು. ಕಾಗದಪತ್ರದಲ್ಲಿ ತಪ್ಪು ಹುಡುಕಿದರೂ ಸಿಗದು. "ಮೇಲಿನಿಂದ ಬಂದಿದೆ" ಎಂಬ ವಿಧೇಯತೆಯ ಪೂರ್ತಿ ಚಿತ್ರ ಇದು, ಅದರ ಕೊನೆಯಲ್ಲಿ ಒಂದು ಹೆಣ ಬಿದ್ದಿದೆ.

ನಮ್ಮ ಸಭೆಗಳಲ್ಲಿ ಶಿಕ್ಷಕರಿದ್ದಾರೆ, ನರ್ಸ್‌ಗಳಿದ್ದಾರೆ, ಗ್ರಾಮ ಆಡಳಿತಾಧಿಕಾರಿಗಳಿದ್ದಾರೆ, ಪೊಲೀಸ್ ಪೇದೆಗಳೂ ಇದ್ದಾರೆ. ಸರ್ಕಾರಿ ನೌಕರರನ್ನು ಮಹಜರಿಗೆ, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಪೊಲೀಸರು ಬರೆದುಕೊಳ್ಳುವ ದಾಖಲೆಗೆ, ಪಂಚರಾಗಿ (ಸಾಕ್ಷಿಗಳಾಗಿ) ಕರೆಯುವುದು ರೂಢಿ. ಸ್ಥಳಕ್ಕೆ ಕರೆದುಕೊಂಡು ಹೋಗದೆ, ಮೊದಲೇ ಟೈಪಾದ ಮಹಜರನ್ನು ಠಾಣೆಯಲ್ಲೇ ಮುಂದಿಟ್ಟು "ಇಲ್ಲೊಂದು ಸಹಿ ಹಾಕಿ ಮೇಷ್ಟ್ರೇ" ಅನ್ನುತ್ತಾರಲ್ಲ, ಇಜ್ರೇಲ್ ಅಂದರೆ ಅದೇ ಮೇಜು. ಆರೋಪಿ ಮುಸ್ಲಿಂ ವ್ಯಾಪಾರಿಯಾಗಲಿ, ಹಟ್ಟಿಯ ಹುಡುಗನಾಗಲಿ, ಕಣ್ಣಾರೆ ಕಾಣದ್ದಕ್ಕೆ ಸಹಿ ಹಾಕುವುದು ಸುಳ್ಳು ಸಾಕ್ಷಿ ಹೇಳಬಾರದು ಎಂಬ ದೇವರ ಆಜ್ಞೆಯನ್ನು ಮುರಿದಂತೆ. ಹೇಳಬೇಕಾದದ್ದು ಇಷ್ಟೇ: "ಸ್ಥಳಕ್ಕೆ ಕರೆದುಕೊಂಡು ಹೋಗಿ, ಕಂಡದ್ದಕ್ಕೆ ಸಹಿ ಹಾಕುತ್ತೇನೆ." ಈ ಮಾತಿಗೆ ಬೆಲೆ ತೆರಬೇಕಾಗಬಹುದು. ಹೊಸದುರ್ಗದ ಶಾಸಕರು 2021ರ ಸೆಪ್ಟೆಂಬರಿನಲ್ಲಿ ವಿಧಾನಸಭೆಯಲ್ಲಿ ಮತಾಂತರದ ವಿಷಯ ಎತ್ತಿದ ಮೇಲೆ ಆ ತಾಲ್ಲೂಕಿನಲ್ಲಿ ಸಮೀಕ್ಷೆ ನಡೆಯಿತು. ಬಲವಂತದ ಮತಾಂತರ ಕಂಡುಬಂದಿಲ್ಲ ಎಂದು ತಹಶೀಲ್ದಾರರು ವರದಿ ಕೊಟ್ಟರು. ಹೆಚ್ಚು ದಿನ ಕಳೆಯುವ ಮೊದಲೇ ಅವರ ವರ್ಗಾವಣೆಯಾಯಿತು ಎಂದು ಪತ್ರಿಕೆಗಳು ಬರೆದವು. ಕಂಡದ್ದನ್ನು ಕಂಡಂತೆ ಬರೆದ ಆ ಅಧಿಕಾರಿಗೆ ನಮ್ಮಲ್ಲಿ ಎಷ್ಟು ಸಭೆಗಳು ಒಂದು ಕೃತಜ್ಞತೆಯ ಪತ್ರ ಬರೆದವು?

ತನ್ನ ಸಭೆಗಷ್ಟೇ ಹೋರಾಡುವ ಚಟ ನಮ್ಮದೊಂದೇ ಅಲ್ಲ. 1934ರ ಮೇ ತಿಂಗಳಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ ಸೇರಿದ ಸಭೆಗಳು, ಚರ್ಚು ಹಿಟ್ಲರನ ಸರ್ಕಾರದ ಅಂಗವಾಗಲಾರದು ಎಂದು ಧೈರ್ಯವಾಗಿ ಘೋಷಿಸಿದವು. ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಮುಖ್ಯವಾಗಿ ಬರೆದ ಆ ಘೋಷಣೆಯಲ್ಲಿ ಯೆಹೂದ್ಯರ ಬಗ್ಗೆ ಒಂದು ಸಾಲೂ ಇಲ್ಲ. 1975ರ ತುರ್ತು ಪರಿಸ್ಥಿತಿಯಲ್ಲಿ ನಮ್ಮ ದೇಶದ ಚರ್ಚು ನಾಯಕರಲ್ಲಿ ಬಹುತೇಕರು ಬಾಯಿ ಮುಚ್ಚಿಕೊಂಡರು. ಕೇರಳದ ಮಾರ್ ತೋಮಾ ಸಭೆಯ ಮುಖ್ಯಸ್ಥರಾದ ಯೂಹಾನೋನ್ ಮೆಟ್ರೊಪಾಲಿಟನ್ ಇಂದಿರಾ ಗಾಂಧಿಯವರಿಗೆ ನೇರವಾಗಿ ಪತ್ರ ಬರೆದರು. ಆಗ ಪ್ರಾರ್ಥನೆಗೆ ಯಾರೂ ಅಡ್ಡಿ ಮಾಡಿರಲಿಲ್ಲ, ಸೆರೆಯಲ್ಲಿದ್ದವರು ಹೆಚ್ಚಾಗಿ ಬೇರೆಯವರು. ಆ ಪತ್ರದ ತೂಕ ಇರುವುದು ಅಲ್ಲೇ.

ಎಲ್ಲರಿಗೂ ಅನ್ವಯವಾಗುವ ನಿಯಮ ಒಂದು ತುದಿ, ಪಾಪವನ್ನೇ ಆಜ್ಞಾಪಿಸುವ ಅಧಿಕಾರ ಇನ್ನೊಂದು ತುದಿ; ಈ ಎರಡರ ನಡುವೆ ನಮ್ಮ ಹಕ್ಕನ್ನು ಕಿತ್ತುಕೊಳ್ಳುವ ಪ್ರಕರಣಗಳಿವೆ. ನಮ್ಮ ಎರಡು ಜಿಲ್ಲೆಗಳಲ್ಲಿ ನಿಮ್ಮ ಮುಂದೆ ಬರುವುದರಲ್ಲಿ ಹೆಚ್ಚಿನವು ಇವೇ. ಇಲ್ಲಿ ಕಾನೂನು ಮುರಿಯಬೇಕಾಗಿಲ್ಲ, ಕಾನೂನನ್ನು ಪೌಲನ ಹಾಗೆ ಕೈಗೆತ್ತಿಕೊಳ್ಳಬೇಕು. ಸ್ವಂತ ಮನೆಯಲ್ಲಿ ಪ್ರಾರ್ಥಿಸುವ ಹಕ್ಕು ಸಂವಿಧಾನದ 25ನೇ ವಿಧಿಯಿಂದ ಬಂದದ್ದು, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಅದರ ಮಿತಿಗಳು.

ಗುಂಪು ಬಂದ ಕೂಡಲೇ 112ಕ್ಕೆ ಕರೆ ಮಾಡಿ. ಯಾರು ಮೊದಲು ಕರೆದರು, ಎಷ್ಟು ಗಂಟೆಗೆ ಎಂಬುದು ಅಲ್ಲಿ ದಾಖಲಾಗುತ್ತದೆ. ನಾಳೆ "ಸಾರ್ವಜನಿಕರ ದೂರಿನ ಮೇರೆಗೆ ಹೋದೆವು" ಎಂಬ ಮಾತು ಬಂದಾಗ ಆ ಕರೆ ಕೆಲಸಕ್ಕೆ ಬರುತ್ತದೆ. ಒಬ್ಬರು ಮಾತ್ರ ವಿಡಿಯೊ ಮಾಡಲಿ, ಒಬ್ಬರು ಮಾತ್ರ ಮಾತಾಡಲಿ. ಎಲ್ಲರೂ ಮಾತಾಡಿದರೆ ಅದು ಎರಡು ಗುಂಪುಗಳ ಜಗಳವಾಗಿ ದಾಖಲಾಗುತ್ತದೆ, ಎರಡೂ ಕಡೆಯವರ ಮೇಲೆ ಕೇಸು ಬೀಳುತ್ತದೆ.

ಠಾಣೆಗೆ ಬನ್ನಿ ಎಂದರೆ ಲಿಖಿತ ನೋಟಿಸ್ ಕೇಳಿ. ಆರೋಪಿಯೆಂದು ಕರೆಯುವುದಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 35(3)ರ ನೋಟಿಸ್, ಸಾಕ್ಷಿಯೆಂದು ಕರೆಯುವುದಾದರೆ 179ರ ನೋಟಿಸ್. 179ರ ಪ್ರಕಾರ ಹೆಂಗಸರನ್ನು, 60 ದಾಟಿದವರನ್ನು, 15ರೊಳಗಿನ ಹುಡುಗರನ್ನು ಅವರಿದ್ದಲ್ಲೇ ವಿಚಾರಿಸಬೇಕು, ಠಾಣೆಗೆ ಕರೆಸುವಂತಿಲ್ಲ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವುದು ಅಸಾಧಾರಣ ಸಂದರ್ಭದಲ್ಲಿ ಮಾತ್ರ, ಅದೂ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಪಡೆದು. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಹೇಳಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಿಚಾರಣೆಯ ವೇಳೆ ವಕೀಲರನ್ನು ಕಾಣುವ ಹಕ್ಕಿದೆ. ತನಿಖೆಯಲ್ಲಿ ಬರೆದುಕೊಳ್ಳುವ ಹೇಳಿಕೆಗೆ ಸಹಿ ಬೇಕಿಲ್ಲ, ಹಾಕಿಸುವಂತೆಯೂ ಇಲ್ಲ.

ಮುಚ್ಚಳಿಕೆಗೂ ಸಹಿ ಬೇಕಿಲ್ಲ. ಶಾಂತಿ ಕಾಪಾಡುವ ಬಾಂಡ್ ಬರೆಸಿಕೊಳ್ಳುವ ಅಧಿಕಾರ ಪಿಎಸ್‌ಐಗೆ ಇಲ್ಲವೇ ಇಲ್ಲ. ಜನ ಈಗಲೂ "107 ಕೇಸು" ಎನ್ನುವುದು ಈಗ ಬಿಎನ್‌ಎಸ್‌ಎಸ್ 126. ಅದರಲ್ಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಬಂದ ಮಾಹಿತಿಯ ಸಾರ, ಬಾಂಡ್ ಮೊತ್ತ, ಅವಧಿ ಎಲ್ಲವನ್ನೂ ಬರೆದು ಕಾರಣ ಕೇಳಬೇಕು, ವಿಚಾರಣೆ ನಡೆಸಬೇಕು. ಬಾಂಡಿನ ಅವಧಿ ಒಂದು ವರ್ಷ ಮೀರುವಂತಿಲ್ಲ. ಅಲ್ಲಿ ನೀವು ವಕೀಲರನ್ನು ಇಟ್ಟು ವಾದಿಸಬಹುದು. ಠಾಣೆಯ ಬಿಳಿ ಹಾಳೆಯಲ್ಲಿ ಇದ್ಯಾವುದೂ ಇರುವುದಿಲ್ಲ, ಆದರೆ ಅದೇ ಹಾಳೆ ಮುಂದೆ 126ರ ವರದಿಗೆ "ಈ ಹಿಂದೆಯೂ ತಪ್ಪೊಪ್ಪಿಕೊಂಡಿರುತ್ತಾನೆ" ಎಂಬ ಸಾಲಾಗಿ ಸೇರುತ್ತದೆ. ಒತ್ತಾಯ ತೀರಾ ಹೆಚ್ಚಾದರೆ, "ನನ್ನ ಒಪ್ಪಿಗೆಯಿಲ್ಲದೆ, ಠಾಣೆಯಲ್ಲಿ ಕೂರಿಸಿಕೊಂಡು ಬರೆಸಿದ್ದು" ಎಂದು ಸಹಿಯ ಪಕ್ಕದಲ್ಲೇ ಕನ್ನಡದಲ್ಲಿ ಬರೆದು ಸಮಯ ಹಾಕಿ. ಆ ಸಾಲು ಬಿದ್ದ ಹಾಳೆ ಯಾರಿಗೂ ಬೇಡವಾಗುತ್ತದೆ.

ನಮ್ಮ ಕಡೆಯ ದೂರು ಬರೆಯುವುದರಲ್ಲಿ ಆಗುವ ತಪ್ಪು ಒಂದೇ, ಮತ್ತೆ ಮತ್ತೆ ಅದೇ. "ಬೈದರು, ತಳ್ಳಾಡಿದರು, ಬೆದರಿಸಿದರು" ಎಂದು ಬರೆಯುತ್ತೇವೆ. ಅಷ್ಟಕ್ಕೆ ಠಾಣೆಯವರು ಎನ್‌ಸಿ (ಎಫ್‌ಐಆರ್ ಇಲ್ಲದ ಅಸಂಜ್ಞೇಯ ದೂರು) ಮಾಡಿ ಹಿಂಬರಹ ಕೊಟ್ಟು ಕಳಿಸುತ್ತಾರೆ, ಅದು ಅಲ್ಲಿಗೇ ಮುಗಿಯುತ್ತದೆ. ಮೊದಲ ಸಾಲಿನಲ್ಲೇ ಎರಡು ವಿಷಯ ಬರಬೇಕು: ಪ್ರಾರ್ಥನೆ ನಡೆಯುತ್ತಿತ್ತು, ಮತ್ತು ಒಪ್ಪಿಗೆಯಿಲ್ಲದೆ ಮನೆಯೊಳಗೆ ನುಗ್ಗಿದರು. ಧಾರ್ಮಿಕ ಸಭೆಗೆ ಭಂಗ ತರುವುದು ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಕಲಂ 300, ಒಂದು ವರ್ಷದವರೆಗೆ ಶಿಕ್ಷೆ. ಮನೆಗೆ ಅತಿಕ್ರಮವಾಗಿ ನುಗ್ಗುವುದು 329. ಎರಡೂ ಪೊಲೀಸರು ನೇರವಾಗಿ ಎಫ್‌ಐಆರ್ ಮಾಡಬೇಕಾದ ಅಪರಾಧಗಳು, ಸುಪ್ರೀಂ ಕೋರ್ಟಿನ 2013ರ ಲಲಿತಾ ಕುಮಾರಿ ತೀರ್ಪಿನ ಮೇಲೆ ಇಂಥದ್ದನ್ನು ನಿರಾಕರಿಸುವಂತಿಲ್ಲ. ತಾರೀಖು, ಗಂಟೆ, ಗೊತ್ತಿರುವ ಹೆಸರು, ಗಾಡಿ ನಂಬರು, ಒಡೆದ ಸಾಮಾನು ಇಷ್ಟನ್ನು ಬರೆಯಿರಿ. ವೇದವಾಕ್ಯ ಬರೆಯಬೇಡಿ. ಎರಡು ಪ್ರತಿ ಮಾಡಿ ಒಂದಕ್ಕೆ ಠಾಣೆಯ ಸೀಲು ಹಾಕಿಸಿಕೊಳ್ಳಿ. ಎಫ್‌ಐಆರ್ ಪ್ರತಿ ಉಚಿತ.

ದೂರು ತೆಗೆದುಕೊಳ್ಳದಿದ್ದರೆ ಬಿಎನ್‌ಎಸ್‌ಎಸ್ 173(4)ರ ಪ್ರಕಾರ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಒಂದು ಪ್ರತಿ ದಾವಣಗೆರೆಯಲ್ಲೇ ಇರುವ ಪೂರ್ವ ವಲಯ ಐಜಿಪಿ ಕಚೇರಿಗೂ ಹೋಗಲಿ. ಅಲ್ಲಿಂದಲೂ ಏನೂ ಆಗದಿದ್ದರೆ ಪ್ರಮಾಣಪತ್ರದ ಜೊತೆ 175(3)ರ ಅಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಅಂಚೆ ರಸೀದಿಯಿಲ್ಲದೆ ಅಲ್ಲಿಗೆ ಹೋದರೆ ಅರ್ಜಿ ನಿಲ್ಲುವುದು ಕಷ್ಟ. ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಲು ನಮ್ಮೆರಡೂ ಜಿಲ್ಲೆಯವರು ಧಾರವಾಡಕ್ಕಲ್ಲ, ಬೆಂಗಳೂರಿನ ಪೀಠಕ್ಕೆ ಹೋಗಬೇಕು. ಠಾಣೆಯಲ್ಲಿ ಏನಾಯಿತು ಎಂಬುದು ಮುಖ್ಯವಾದರೆ ಸಿಸಿಟಿವಿ ದೃಶ್ಯ ಕಾಪಾಡಿಡಿ ಎಂದು ಅದೇ ವಾರ ಅರ್ಜಿ ಕೊಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ 15100.

ಇನ್ನು ಕರ್ನಾಟಕದ 2022ರ ಮತಾಂತರ ಕಾಯ್ದೆ. ಮತಾಂತರವಾಗುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಕೊಡಬೇಕು, ದೀಕ್ಷಾಸ್ನಾನ ಮಾಡಿಸುವವರೂ ಕೊಡಬೇಕು, ಅದನ್ನು ಕಚೇರಿಯ ಬೋರ್ಡಿಗೆ ಹಚ್ಚಿ ಆಕ್ಷೇಪಣೆ ಕರೆಯುತ್ತಾರೆ. ಹೆಂಗಸರು, ಅಪ್ರಾಪ್ತರು, ಪರಿಶಿಷ್ಟರ ವಿಷಯದಲ್ಲಿ ಶಿಕ್ಷೆ 3ರಿಂದ 10 ವರ್ಷ, ಜಾಮೀನುರಹಿತ. ತಪ್ಪು ಮಾಡಿಲ್ಲ ಎಂದು ತೋರಿಸುವ ಹೊಣೆ ಆರೋಪಿಯ ಮೇಲೆ. ಸಚಿವ ಸಂಪುಟ 2023ರ ಜೂನ್‌ನಲ್ಲಿ ಇದನ್ನು ರದ್ದು ಮಾಡಲು ತೀರ್ಮಾನಿಸಿತು. ಸಂಪುಟದ ತೀರ್ಮಾನವೇ ಕಾನೂನಲ್ಲ, ರಾಜ್ಯಪತ್ರದಲ್ಲಿ ಬರುವವರೆಗೆ ಕಲಂ ಠಾಣೆಯ ಪುಸ್ತಕದಲ್ಲಿ ಇದ್ದೇ ಇರುತ್ತದೆ, ಮೈಮರೆಯಬೇಡಿ. "ಆಮಿಷ"ದ ವ್ಯಾಖ್ಯೆಯೊಳಗೆ ಉಡುಗೊರೆ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ದೈವಕೋಪದ ಮಾತು, ಇನ್ನೊಂದು ಧರ್ಮದ ಆಚರಣೆಯನ್ನು ಹೀಗಳೆಯುವುದು ಎಲ್ಲವೂ ಬರುತ್ತದೆ. ಪಕ್ಕದವರ ದೇವರನ್ನು ಮೈಕಿನಲ್ಲಿ ಹೀಗಳೆಯುವುದು ಕಾಯ್ದೆ ಇಲ್ಲದಿದ್ದರೂ ಬಿಡಬೇಕಾದದ್ದೇ. ಆದರೆ ಮನಸ್ಸು ಬದಲಿಸಲು ಸರ್ಕಾರಕ್ಕೆ ತಿಂಗಳು ಮುಂಚೆ ನೋಟಿಸ್ ಕೊಡಬೇಕೆಂಬುದು ಅನ್ಯಾಯ. ಇಂಥದೇ ನೋಟಿಸ್ ನಿಯಮವನ್ನು ಹಿಮಾಚಲ ಪ್ರದೇಶ ಹೈಕೋರ್ಟ್ 2012ರಲ್ಲಿ ರದ್ದು ಮಾಡಿತು. ಅದನ್ನು ಗೆದ್ದವರು ರಾತ್ರೋರಾತ್ರಿ ಕೆರೆಗೆ ಹೋಗಿ ಸ್ನಾನ ಮಾಡಿಸಿದವರಲ್ಲ, ಹೆಸರು ಹಾಕಿ ಅರ್ಜಿ ಸಲ್ಲಿಸಿದವರು. ಈ ನೋಟಿಸ್ ನಿಯಮಕ್ಕೆ ತಲೆಬಾಗದಿರಲು ನಿರ್ಧರಿಸುವ ಪಾಸ್ಟರ್, ದೀಕ್ಷಾಸ್ನಾನ ಪಡೆಯುವವರಿಗೆ ಶಿಕ್ಷೆಯ ವಿಷಯವನ್ನು ಮೊದಲೇ ಬಿಡಿಸಿ ಹೇಳಬೇಕು. ಬೇರೆಯವರ ಜೈಲನ್ನು ಅವರಿಗೆ ತಿಳಿಸದೆ ಆರಿಸುವ ಹಕ್ಕು ಯಾರಿಗೂ ಇಲ್ಲ.

ಜಾತಿ ಪ್ರಮಾಣಪತ್ರದ ವಿಷಯ ಯಾರೂ ಸಭೆಯಲ್ಲಿ ಎತ್ತುವುದಿಲ್ಲ, ಆದ್ದರಿಂದ ಇಲ್ಲಿ ಎತ್ತುತ್ತೇವೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿಕೊಂಡರು, ನಮ್ಮನ್ನು ಹೊರಗಿಟ್ಟರು. ಮತ ಬದಲಾದರೆ ಕೇರಿ ಬದಲಾಗುವುದಿಲ್ಲ, ಹೋಟೆಲಿನ ಲೋಟವೂ ಬದಲಾಗುವುದಿಲ್ಲ. ಇದು ಅನ್ಯಾಯವೇ. ಹಾಗಾಗಿ ಹಳೇ ಪ್ರಮಾಣಪತ್ರ ಪೆಟ್ಟಿಗೆಯಲ್ಲಿ, ಹೊಸ ಹೆಸರು ಸಭೆಯಲ್ಲಿ. ಮಕ್ಕಳ ಓದಿಗೆ, ಹೊಟ್ಟೆಪಾಡಿಗೆ ಹೀಗೆ ಮಾಡಿದವರನ್ನು ನಾವು ಹಂಗಿಸುವುದಿಲ್ಲ. ಹೀಗೇ ಮಾಡಿ ಎಂದು ಕಲಿಸುವ ಪಾಸ್ಟರ್‌ಗಳ ಮೇಲೆ ಮಾತ್ರ ನಮ್ಮ ತಕರಾರು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪುದುಚೇರಿಯ ಪ್ರಕರಣವೊಂದರಲ್ಲಿ ಇಂಥ ಪ್ರಮಾಣಪತ್ರದ ಬೇಡಿಕೆಯನ್ನು ತಳ್ಳಿಹಾಕಿತು. ಯಾರೋ ಒಂದು ಮೂಗರ್ಜಿ ಬರೆದರೆ ನೌಕರಿಯೇ ಹೋಗುತ್ತದೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರವರ್ಗ-1 ಇದೆ ಎಂಬುದನ್ನು ಎಷ್ಟು ಸಭೆಗಳು ತಮ್ಮ ಹುಡುಗರಿಗೆ ಹೇಳಿವೆ? ಅದು ಕಡಿಮೆ ಸೌಲಭ್ಯ ನಿಜ, ಆದರೆ ಅದನ್ನು ಹಿಡಿದು ನಿಂತವನು ನಾಳೆ 1950ರ ಆದೇಶದ ವಿರುದ್ಧ ಬೀದಿಗಿಳಿದು ಮಾತಾಡಬಹುದು, ಬಚ್ಚಿಟ್ಟವನಿಗೆ ಆ ಬಾಯಿ ಇರುವುದಿಲ್ಲ.

ಕೋರ್ಟಿಗೆ ಹೋದವರಿಗೆಲ್ಲ ನ್ಯಾಯ ಸಿಗುತ್ತದೆ ಎಂದು ನಾವು ಹೇಳುತ್ತಿಲ್ಲ. ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದು ನಿಂತ ಕೇರಳದ ಮೂವರು ಮಕ್ಕಳಿಗೆ 1986ರಲ್ಲಿ ಸುಪ್ರೀಂ ಕೋರ್ಟ್ ಶಾಲೆ ಮರಳಿ ಕೊಟ್ಟಿತು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧಿತರಾಗಿದ್ದ, ಪಾರ್ಕಿನ್ಸನ್ ಕಾಯಿಲೆಯಿದ್ದ ಫಾದರ್ ಸ್ಟಾನ್ ಸ್ವಾಮಿ ಜಾಮೀನಿಗೆ ಕಾಯುತ್ತಲೇ 2021ರ ಜುಲೈ 5ರಂದು ತೀರಿಕೊಂಡರು. ಎರಡೂ ಇದೇ ದೇಶದಲ್ಲಿ. ಎಲ್ಲ ದಾರಿ ಮುಚ್ಚಿ, ಕಾನೂನನ್ನೇ ಮುರಿಯಬೇಕಾದ ದಿನ ಬಂದರೆ ಹೇಗೆ ಮುರಿಯಬೇಕೆಂದು ಕಲಿಯಲು ಅಮೆರಿಕದವರೆಗೆ ಹೋಗಬೇಕಿಲ್ಲ, ಚಿತ್ರದುರ್ಗದ ಪಕ್ಕದ ತುರುವನೂರಿಗೆ ಹೋದರೆ ಸಾಕು. 1939ರ ಅರಣ್ಯ ಸತ್ಯಾಗ್ರಹದಲ್ಲಿ ನಿಜಲಿಂಗಪ್ಪನವರ ಜೊತೆ ಹೋದವರು ಈಚಲು ಮರ ಕಡಿದದ್ದು ಹಾಡಹಗಲಲ್ಲಿ. ಓಡಿಹೋಗಲಿಲ್ಲ, ಯಾರಿಗೂ ಹೊಡೆಯಲಿಲ್ಲ, ಜೈಲಿಗೆ ಹೋದರು.

ಈಗಾಗಲೇ ಮುಚ್ಚಳಿಕೆ ಬರೆದುಕೊಟ್ಟವರು ಏನು ಮಾಡಬೇಕು? ಠಾಣೆಗೆ, ಎಸ್‌ಪಿಗೆ ಒಂದು ಪತ್ರ ಬರೆಯಿರಿ. ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಠಾಣೆಯಲ್ಲಿದ್ದೆ, ನೋಟಿಸ್ ಕೊಟ್ಟಿರಲಿಲ್ಲ, ಹೇಳಿದಂತೆ ಬರೆದು ಸಹಿ ಹಾಕಿದೆ, ಅದು ನನ್ನ ಸ್ವಂತ ಇಚ್ಛೆಯದಲ್ಲ, ಆ ಬರಹವನ್ನು ಹಿಂಪಡೆಯುತ್ತಿದ್ದೇನೆ, ನನ್ನ ಮನೆಯಲ್ಲಿ ಪ್ರತಿ ಭಾನುವಾರ ಇಷ್ಟು ಗಂಟೆಗೆ ಧ್ವನಿವರ್ಧಕವಿಲ್ಲದೆ ಪ್ರಾರ್ಥನೆ ನಡೆಯುತ್ತದೆ, ಇದಕ್ಕೆ ಕಾನೂನಿನಲ್ಲಿ ಅಡ್ಡಿಯಿದ್ದರೆ ಲಿಖಿತವಾಗಿ ತಿಳಿಸಿ. ನಡೆದದ್ದಕ್ಕಿಂತ ಒಂದು ಅಕ್ಷರ ಹೆಚ್ಚು ಬರೆಯಬೇಡಿ, ಹೊಡೆಯದಿದ್ದರೆ ಹೊಡೆದರು ಎನ್ನಬೇಡಿ. ಬೈಗುಳ ಬೇಡ, ವಿನಂತಿಯ ಭಾಷೆಯೇ ಇರಲಿ. ಅಂಚೆಯಲ್ಲಿ ಸ್ವೀಕೃತಿ ಸಹಿತ ಕಳಿಸಿ, ರಸೀದಿಯನ್ನು ಪತ್ರದ ಪ್ರತಿಗೆ ಪಿನ್ ಮಾಡಿ ಸಭೆಯ ಫೈಲಿನಲ್ಲಿಡಿ. ಪಾಸ್ಟರ್ ಒಬ್ಬರೇ ಸಹಿ ಹಾಕುವ ಬದಲು ಸಭಾ ಹಿರಿಯರೆಲ್ಲ ಹಾಕಿದರೆ ಒಳ್ಳೆಯದು, ಯಾಕೆಂದರೆ ಮುಂದಿನ ಸಲ ಜೀಪು ಬಂದಾಗ ಹತ್ತಬೇಕಾದವರು ಒಬ್ಬರೇ ಆಗಬಾರದು.

ಇಂತಿ ತಮ್ಮ ವಿಶ್ವಾಸಿಗಳು,
ದಾವಣಗೆರೆ ಮತ್ತು ಚಿತ್ರದುರ್ಗದ ಕೆಲವು ಕ್ರೈಸ್ತ ವಕೀಲರು ಮತ್ತು ವೇದಪಾಠ ಶಿಕ್ಷಕರು